ಎಂಟನೆಯ ನಿಮಿಷ

ಊರಿನ ವಾದ್ಯಗಾರರೆಲ್ಲ ಅವರನ್ನು ‘ಇನ್ನೊಂದ್ಸಲ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಅವರು ಬರೆದ ಸಂಗೀತದೊಳಗೆ ನಾಲ್ಕು ಸ್ವರದ ಒಂದು ತುಣುಕು ಬಂದು ಕೂತರೆ ಸುಲಭಕ್ಕೆ ಎದ್ದು ಹೋಗುತ್ತಿರಲಿಲ್ಲ. ಇಪ್ಪತ್ತು ಸಲ, ಮೂವತ್ತು ಸಲ ಅದೇ ಬರುತ್ತಿತ್ತು, ಪ್ರತಿ ಸಲವೂ ಒಂದು ಎಳೆ ಮಾತ್ರ ಬದಲಾಗುತ್ತ. ತಾಳ್ಮೆಯಿಂದ ಕೇಳಿದವರಿಗೆ ಹತ್ತು ನಿಮಿಷದ ಮೇಲೆ, ತಾವು ಹೊರಟ ಜಾಗ ಎಲ್ಲೋ ಹಿಂದೆ ಉಳಿದಿದೆಯೆಂದು ಗೊತ್ತಾಗುತ್ತಿತ್ತು. ತಾಳ್ಮೆ ಇಲ್ಲದವರು ಕೆಮ್ಮುತ್ತಿದ್ದರು. ಮೇಷ್ಟ್ರಿಗೆ ಎರಡೂ ಅಭ್ಯಾಸವಾಗಿಹೋಗಿತ್ತು.

ಅವರಿಗೆ ಈಗ ಐವತ್ತನಾಲ್ಕು. ಬೆಳಿಗ್ಗೆ ಐದರಿಂದ ಎಂಟರವರೆಗೆ ಊಟದ ಮೇಜಿನ ಮೇಲೆ ಸ್ವರ ಬರೆಯುವುದು, ಒಂಬತ್ತಕ್ಕೆ ಸಂಗೀತ ಶಾಲೆಗೆ ಹೋಗಿ ಪಾಠ ಹೇಳುವುದು. ಎರಡು ರೆಕಾರ್ಡು ಬಂದಿದ್ದವು. ಒಮ್ಮೆ ರೇಡಿಯೋದವರು ಕರೆದು ಮಾತಾಡಿಸಿ, ಜಾಝ್, ಶಾಸ್ತ್ರೀಯ, ಮತ್ತೆ ಹೇಳಿದ್ದನ್ನೇ ಹೇಳುವ ಹೊಸ ಕಾಲದ ಸಂಗೀತ, ಈ ಮೂರನ್ನೂ ಒಂದೇ ಒಲೆಯ ಮೇಲೆ ಬೇಯಿಸಿದವರು ಎಂದು ಹೊಗಳಿದ್ದರು. ಆದರೆ ಹಿತ್ತಲ ಗಿಡ ಮದ್ದಲ್ಲ. ಯಾರ ಬಾಯಿಂದ ‘ಚೆನ್ನಾಗಿದೆ’ ಎಂಬ ಒಂದು ಮಾತು ಬರಲಿ ಎಂದು ಅವರು ಮೂವತ್ತು ವರ್ಷದಿಂದ ಕಾದಿದ್ದರೋ ಆ ಬಾಯಿ ಮಾತ್ರ ತೆರೆದಿರಲಿಲ್ಲ. ಅದು ಅವರ ತಾಯಿಯ ಬಾಯಿ. ಎರಡು ಬೀದಿ ಆಚೆ ಇದ್ದ ಎಂಬತ್ತೊಂದು ವರ್ಷದ ಪಿಯಾನೊ ಟೀಚರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಗಾದೆ ಈ ಮನೆಯ ಹೊಸಿಲು ದಾಟಿರಲಿಲ್ಲ.

ಮೇಷ್ಟ್ರು ಬೆಳೆದದ್ದು ಅದೇ ಮನೆಯಲ್ಲಿ. ಬೀದಿಗೆ ತೆರೆದ ಮುಂದಿನ ಕೋಣೆ, ಗೋಡೆಗೆ ಒತ್ತಿದ ಕಂದು ಪಿಯಾನೊ, ಪಕ್ಕದಲ್ಲಿ ಅಮ್ಮನ ಬೆತ್ತದ ಕುರ್ಚಿ. ಮಧ್ಯಾಹ್ನ ಮೂರಕ್ಕೆ ಶುರುವಾದರೆ ಏಳರವರೆಗೆ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಅಮ್ಮ ಪಾಠ ಕೇಳುತ್ತಿದ್ದುದು ಕಣ್ಣು ಮುಚ್ಚಿಕೊಂಡು. ‘ಬೆರಳು ಕಣ್ಣಿಗೆ ಬಿದ್ರೆ ಕಿವಿ ಸೋಮಾರಿ ಆಗುತ್ತೆ’ ಎನ್ನುತ್ತಿದ್ದರು. ತಪ್ಪು ಬಂತೋ, ಕಣ್ಣು ತೆರೆಯದೆ ‘ಅದೊಂದು ಸಾಲು ಹತ್ತು ಸಲ’ ಎಂದು ಶಿಕ್ಷೆ ವಿಧಿಸುತ್ತಿದ್ದರು. ಬೇರೆ ಮಕ್ಕಳಿಗೆ ಅದು ಶಿಕ್ಷೆ. ಇವರಿಗೋ, ಆರನೆಯ ಸಲಕ್ಕೆ ಆ ಸಾಲು ಬಿಚ್ಚಿಕೊಳ್ಳತೊಡಗುತ್ತಿತ್ತು. ಒಳಗೆ ಇನ್ನೊಂದು ರಾಗ ಇದ್ದ ಹಾಗೆ ಕೇಳುತ್ತಿತ್ತು. ಬೇಕೆಂದೇ ತಪ್ಪು ಮಾಡಿದ್ದೂ ಉಂಟು.

ಎಲ್ಲ ಮಕ್ಕಳೂ ಹೋದ ಮೇಲೆ, ಬಾಗಿಲು ಹಾಕುವ ಮೊದಲು, ಅಮ್ಮ ಬೆಂಚಿನ ಮೇಲೆ ಸರಿದು ಮಗನಿಗೆ ಜಾಗ ಮಾಡಿಕೊಡುತ್ತಿದ್ದರು. ಪಿಯಾನೊದ ಬಲತುದಿಯ ಕೊನೆಯ ಮನೆಗಳನ್ನು ಬೆರಳಿನಿಂದ ಒತ್ತುತ್ತ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪುಟ್ಟ ಹಾಡನ್ನು ಒಂದೇ ಕೈಯಲ್ಲಿ ಮೆಲ್ಲಗೆ ನುಡಿಸುತ್ತಿದ್ದರು. ಅಷ್ಟು ಮೇಲಿನ ಸ್ವರಗಳನ್ನು ಪಾಠಕ್ಕೆ ಯಾರೂ ಮುಟ್ಟುತ್ತಿರಲಿಲ್ಲ. ದಿನದಲ್ಲಿ ಅಮ್ಮ ನಗುತ್ತಿದ್ದುದು ಆ ಒಂದು ನಿಮಿಷ ಮಾತ್ರ. ಮೇಷ್ಟ್ರ ಮಟ್ಟಿಗೆ ಬಾಲ್ಯ ಅಂದರೆ ಆ ನಿಮಿಷವೇ.

ಹುಡುಗನನ್ನು ಕೆಡಿಸಿದ್ದು ಸೋದರಮಾವ ಎಂದು ಅಮ್ಮ ಇಂದಿಗೂ ನಂಬಿದ್ದರು. ಮಾವ ಹೋಟೆಲೊಂದರ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ಭಾನುವಾರ ಅಕ್ಕನ ಕಣ್ಣು ತಪ್ಪಿಸಿ ಅಳಿಯನನ್ನು ತಾಲೀಮಿಗೆ ಕರೆದೊಯ್ಯುತ್ತಿದ್ದರು. ಮೇಜುಗಳ ಮೇಲೆ ಕುರ್ಚಿ ಮಗುಚಿಟ್ಟ ಖಾಲಿ ಹಾಲ್, ನೆಲ ಒರೆಸಿದ ಒದ್ದೆ ವಾಸನೆ, ಮೂಲೆಯ ವೇದಿಕೆಯ ಮೇಲೆ ಅಂಗಿಯ ತೋಳು ಮಡಚಿದ ಐದು ಜನ. ‘ನೋಡಪ್ಪಾ, ತಪ್ಪು ಸ್ವರ ಬಿತ್ತು ಅಂತ ಮುಖ ಸಣ್ಣ ಮಾಡ್ಕೋಬೇಡ. ಇನ್ನೊಂದ್ಸಲ ಅದನ್ನೇ ಬಾರಿಸು. ಜನ ಬೇಕೂಂತಲೇ ಬಾರಿಸ್ದ ಅಂದ್ಕೋತಾರೆ’ ಎಂದು ಮಾವ ಕಿವಿಯಲ್ಲಿ ಊದಿದ್ದರು. ಅಮ್ಮನ ಶಿಕ್ಷೆಯೂ ಮಾವನ ಉಪಾಯವೂ ಒಂದೇ ಮಾತು ಹೇಳುತ್ತಿವೆಯೆಂದು ಹುಡುಗನಿಗೆ ಅಂದೇ ಹೊಳೆದಿತ್ತು. ಮಾವ ಈಗಿಲ್ಲ. ಆ ಹೋಟೆಲೂ ಇಲ್ಲ, ಆ ಜಾಗದಲ್ಲಿ ಚಪ್ಪಲಿ ಅಂಗಡಿ ಇದೆ.

ಇಪ್ಪತ್ತನಾಲ್ಕರಲ್ಲಿ ಮೇಷ್ಟ್ರ ಮೊದಲ ಕೃತಿ ವೇದಿಕೆ ಏರಿತು. ಅಮ್ಮ ಬಂದಿದ್ದರು. ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು, ಎಲ್ಲರೂ ಕೇಳುವಂತೆ ಹೇಳಿದರು: ‘ಹಾಡಿದ್ದೇ ಹಾಡೋ ಕಿಸ್ಬಾಯಿ ದಾಸ ಆದ್ಯಲ್ಲೋ. ಶುರು ಮಾಡೋದು ಯಾರಿಗೆ ಬರಲ್ಲ? ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಗೊತ್ತಿರ್ಬೇಕು.’ ಅಲ್ಲಿಗೆ ಮುಗಿಯಿತು. ಮಾತು ಬಿಡಲಿಲ್ಲ, ಮನೆಗೆ ಬರುವುದು ಹೋಗುವುದು ಎಲ್ಲ ಇತ್ತು. ಮಗನ ಕಛೇರಿಗೆ ಮಾತ್ರ ಆಮೇಲೆ ಕಾಲಿಡಲಿಲ್ಲ.

ಹೋದ ವರ್ಷ ಮೇಷ್ಟ್ರ ಹೆಂಡತಿ ಒಂದು ಮಾತು ಹೇಳಿದರು. ‘ಅತ್ತೆಗೆ ಕರೆಗಂಟೆ ಕೇಳಿಸ್ತಿಲ್ಲ ಕಣ್ರೀ. ಮೂರು ಸಲ ಒತ್ತಿ ಕೊನೆಗೆ ಬಾಗಿಲು ತಟ್ಟಿದೆ.’

ಮೇಷ್ಟ್ರು ಆ ಸಂಜೆಯೇ ಅಮ್ಮನ ಮನೆಗೆ ಹೋದರು. ಡಾಕ್ಟರ ಹತ್ತಿರ ಹೋಗೋಣವೆಂದರೆ ಅಮ್ಮ, ‘ನನ್ನ ಕಿವಿ ನೆಟ್ಟಗಿದೆ, ನಿಮ್ಮ ಗಂಟೆ ಸರಿಮಾಡಿಸಿ’ ಎಂದುಬಿಟ್ಟರು. ಇನ್ನೂ ಕಾದರೆ ಆ ಒಂದು ಮಾತು ಎಂದೂ ಸಿಗುವುದಿಲ್ಲ ಎಂಬುದು ಮೇಷ್ಟ್ರಿಗೆ ಆಗಲೇ ಖಾತ್ರಿಯಾಯಿತು. ಅಮ್ಮನಿಗಾಗಿಯೇ ಒಂದು ಕೃತಿ ಬರೆಯಬೇಕು, ಅಮ್ಮನಿಗೆ ಕೇಳಿಸುವ ಸ್ವರಗಳಲ್ಲೇ ಬರೆಯಬೇಕು. ಯಾವುದು ಕೇಳಿಸುತ್ತದೆಂದು ತಿಳಿಯುವುದು ಹೇಗೆ?

ಪಿಯಾನೊ ಶ್ರುತಿ ಮಾಡುವ ನೆಪ ಹೂಡಿ ಒಂದು ಶನಿವಾರ ಹೋದರು. ‘ಅಮ್ಮಾ, ಒಂದೊಂದೇ ಮನೆ ಒತ್ತುತ್ತೀನಿ. ನೀನು ಸ್ವರದ ಹೆಸರು ಹೇಳ್ತಾ ಹೋಗು, ಎಲ್ಲಿ ಜಾರಿದೆ ಅಂತ ಗೊತ್ತಾಗುತ್ತೆ’ ಎಂದರು. ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಎಡತುದಿಯಿಂದ ಶುರುವಾಯಿತು. ಎ, ಬಿ, ಸಿ, ಡಿ ಎಂದು ಜಿವರೆಗೆ, ಮತ್ತೆ ಎ ಇಂದ. ಬಿಳಿ ಮನೆಗಳು ಐವತ್ತೆರಡು. ಮೇಷ್ಟ್ರು ಒಂದೇ ಹದದಲ್ಲಿ ಒತ್ತುತ್ತ ಹೋದರು, ಅಮ್ಮ ಒಂದನ್ನೂ ಬಿಡದೆ ಹೇಳುತ್ತ ಹೋದರು. ಬಲತುದಿಯ ಕೊನೆಯ ಸ್ವರಕ್ಕೂ ತಡವರಿಸದೆ ‘ಸಿ’ ಎಂದು ಕಣ್ಣು ತೆರೆದರು. ‘ಮುಗೀತಲ್ಲ? ಪಿಯಾನೊ ಚೆನ್ನಾಗೇ ಇದೆ. ಸುಮ್ನೆ ತಿರುಚಿ ಕೆಡಿಸ್ಬೇಡ.’

ಮೇಷ್ಟ್ರು ಮನೆಗೆ ಹಾರಿಕೊಂಡು ಬಂದರು. ಕಿವಿ ಪೂರಾ ಇದೆ, ನಿನ್ನದೆಲ್ಲ ಅನುಮಾನ ಎಂದು ಹೆಂಡತಿಯನ್ನು ಛೇಡಿಸಿದರು. ನಾಲ್ಕು ತಿಂಗಳು ಕೂತು ಬರೆದರು. ಸ್ಯಾಕ್ಸೊಫೋನಿಗೆ ಮಾವನ ಓಟ, ನಾಲ್ಕು ಪಿಟೀಲಿಗೆ ಅಮ್ಮ ಕಲಿಸಿದ ಹಳೆಯ ಶಿಸ್ತು, ನಡುವೆ ತಮ್ಮ ಮುಗಿಯದ ಸುತ್ತು. ಎಂಟನೆಯ ನಿಮಿಷದಲ್ಲಿ ಎಲ್ಲವನ್ನೂ ನಿಲ್ಲಿಸಿ, ಪಿಯಾನೊದ ಬಲತುದಿಯಲ್ಲಿ, ಒಂದೇ ಕೈಗೆ, ಆ ಪುಟ್ಟ ಹಾಡನ್ನು ಮಾತ್ರ ಇಟ್ಟರು. ಒಂದು ನಿಮಿಷ. ಬರೆಯುವಾಗ ಕಣ್ಣು ತುಂಬಿ ಎರಡು ಸಲ ಪೆನ್ಸಿಲ್ ಕೆಳಗಿಟ್ಟರು.

‘ಬರ್ತೀನಿ. ಬೇಜಾರಾದ್ರೆ ನಡುವಲ್ಲೇ ಎದ್ದು ಬಂದ್ಬಿಡ್ತೀನಿ’ ಎಂದು ಅಮ್ಮ ಒಪ್ಪಿದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಶಾಲೆಯ ಸಭಾಂಗಣ. ಅಮ್ಮ ಮೂರನೆಯ ಸಾಲಿನಲ್ಲಿ ಸೊಸೆಯ ಪಕ್ಕ ಕೂತು, ಮೊದಲ ಸ್ವರಕ್ಕೇ ಕಣ್ಣು ಮುಚ್ಚಿದರು. ಮೇಷ್ಟ್ರು ಗೋಡೆಗೊರಗಿ ನಿಂತು ವೇದಿಕೆಯನ್ನು ನೋಡದೆ ಅಮ್ಮನ ಮುಖವನ್ನೇ ನೋಡುತ್ತಿದ್ದರು. ಎಂಟನೆಯ ನಿಮಿಷ ಬಂತು. ಸ್ಯಾಕ್ಸೊಫೋನ್ ನಿಂತಿತು, ಪಿಟೀಲು ನಿಂತಿತು, ಮೇಲಿನ ಮನೆಗಳಲ್ಲಿ ಆ ಹಾಡು ಮೆಲ್ಲಗೆ ಶುರುವಾಯಿತು. ಅಮ್ಮನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ತಲೆ ಮಾತ್ರ ಸ್ವಲ್ಪ ವಾಲಿತು, ಏನನ್ನೋ ಕಾಯುವವರ ಹಾಗೆ. ಮರೆತೇಬಿಟ್ಟಿದ್ದಾರೆ, ತನ್ನದೇ ಹಾಡು ಅಮ್ಮನಿಗೆ ಗುರುತು ಸಿಗಲಿಲ್ಲ ಎಂದುಕೊಂಡರು ಮೇಷ್ಟ್ರು.

ಕಛೇರಿ ಮುಗಿದ ಮೇಲೆ ಅಮ್ಮ ಮಗನ ಕೈ ಹಿಡಿದುಕೊಂಡರು. ‘ಚೆನ್ನಾಗಿದೆ ಕಣೋ’ ಎಂದರು. ‘ಮಧ್ಯದಲ್ಲಿ ಎಲ್ಲಾ ನಿಲ್ಲಿಸಿ ಸುಮ್ನಿದ್ಬಿಟ್ಯಲ್ಲ, ಅಷ್ಟು ಹೊತ್ತು. ಒಂದು ಸ್ವರಾನೂ ಇಲ್ಲ. ಅಷ್ಟು ಧೈರ್ಯ ನನಗೂ ಇರ್ಲಿಲ್ಲ. ಅಂತೂ ನಿಲ್ಲಿಸೋದು ಕಲಿತೆ.’

ಮೇಷ್ಟ್ರಿಗೆ ತಿಂಗಳುಗಳ ಹಿಂದಿನ ಆ ಶನಿವಾರದ ಪರೀಕ್ಷೆ ನೆನಪಾಯಿತು. ಗಡಿಯಾರದ ಹಾಗೆ ಒಂದೇ ಹದದಲ್ಲಿ ಒತ್ತಿದ್ದು ತಾವೇ. ಅರವತ್ತು ವರ್ಷ ಲಯ ಎಣಿಸಿದ ಟೀಚರಿಗೆ ಮುಂದಿನ ಸ್ವರ ಯಾವಾಗ ಬೀಳುತ್ತದೆಂದು ತಿಳಿಯಲು ಕಿವಿ ಬೇಕೇ? ಹೆಸರುಗಳೋ, ಸಾಲಾಗಿ ಬಾಯಿಗೆ ಬರುವಂಥವು. ಮುಪ್ಪಿನ ಕಿವಿಗೆ ಮೊದಲು ತಪ್ಪುವ ಮೇಲಿನ ಸ್ವರಗಳು ಎಲ್ಲಿಂದಾಚೆ ಕೇಳಿಸಲಿಲ್ಲವೋ ಅಲ್ಲಿಂದ ಅಮ್ಮ ಎಣಿಸಿದ್ದರು, ಅಷ್ಟೆ. ಕಂಡವರ ತಪ್ಪು ಹಿಡಿದು ಬಾಳಿದ ಹೆಂಗಸು, ತನ್ನ ಕುಂದನ್ನು ಮಗನ ಮುಂದೆ ಒಪ್ಪಿಕೊಳ್ಳುತ್ತಾರೆಯೇ?

‘ಬರೆದಿದ್ದು ತಗೊಂಡ್ ಬಾ. ಆ ಜಾಗ ಹೇಗೆ ಬರೆದಿದೀಯ, ನೋಡ್ಬೇಕು’ ಎಂದರು ಅಮ್ಮ. ‘ಹೂಂ, ನಾಳೆ ತರ್ತೀನಿ’ ಎಂದರು ಮೇಷ್ಟ್ರು.

ಮರುದಿನ ಐದಕ್ಕೇ ಎದ್ದು ಊಟದ ಮೇಜಿಗೆ ಕೂತರು. ಆ ಪುಟವನ್ನು ಹೊಸದಾಗಿ ಬರೆದರು. ಬಲತುದಿಯ ಹಾಡು ಇದ್ದ ತಾಳದ ಹದಿನೆಂಟು ಅಂಕಣಗಳಲ್ಲಿ ಒಂದೊಂದರಲ್ಲೂ ಸ್ವರದ ಬದಲು ವಿರಾಮದ ಗುರುತು ಹಾಕುತ್ತ ಹೋದರು. ಹೆಂಡತಿ ಬಂದು ಬಗ್ಗಿ ನೋಡಿದರು.

‘ಅದನ್ನ ತೆಗೆದ್ರಾ? ಅತ್ತೆಯ ಹಾಡಲ್ವಾ ಅದು? ನಿಜ ಹೇಳ್ಬಿಡಿ ಅವರಿಗೆ, ಬೇಜಾರು ಮಾಡ್ಕೊಳ್ಳಲ್ಲ.’

‘ಅಮ್ಮ ಕೇಳಿದ್ದು ಹೀಗೆ. ಅಮ್ಮ ಕೇಳಿದ್ದನ್ನೇ ಬರೀತಿದೀನಿ’ ಎಂದರು ಮೇಷ್ಟ್ರು, ತಲೆ ಎತ್ತದೆ.

ಎಂಟೂವರೆಗೆ, ತಮ್ಮ ಮನೆಯಲ್ಲಿ, ಅಮ್ಮ ಕಿಟಕಿಯ ಬೆಳಕಿಗೆ ಪುಟ ಹಿಡಿದು, ಕನ್ನಡಕ ಏರಿಸಿ, ಖಾಲಿ ಅಂಕಣಗಳ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದರು. ಹದಿನೆಂಟೂ ಎಣಿಸಿ ಮುಗಿಸಿದ ಮೇಲೆ ಪುಟವನ್ನು ಮಡಿಲಲ್ಲಿಟ್ಟುಕೊಂಡರು.

‘ಯಾರು ಏನಂದ್ರೂ ಇಲ್ಲಿ ಏನೂ ಸೇರಿಸ್ಬೇಡ’ ಎಂದರು.

‘ಸೇರಿಸಲ್ಲಮ್ಮ’ ಎಂದರು ಮೇಷ್ಟ್ರು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.