ಸಾಕ್ಷಿಗೆ ಹೋದ ಕೊಡೆ

ಕೊಪ್ಪದ ಬಸ್ಸು ತಪ್ಪಬಹುದಿತ್ತು. ಕಟಕಟೆ ಹತ್ತಿದ ಕೂಡಲೇ ನನ್ನ ಹೆಸರು ನನಗೇ ಮರೆಯಬಹುದಿತ್ತು. ನಿಜ ಹೇಳಿದ್ದಕ್ಕೆ ಪೊಲೀಸರು ಜಯಪುರದ ನನ್ನ ಜೆರಾಕ್ಸ್ ಅಂಗಡಿಗೆ ದಿನಾ ಬಂದು ಕೂರಬಹುದಿತ್ತು. ಸುಳ್ಳು ಹೇಳಿದ್ದರೆ ನಾನೇ ಒಳಗೆ ಹೋಗಬಹುದಿತ್ತು. ಈ ಬೆಳಿಗ್ಗೆ ಅಟ್ಟದಿಂದ ಕೊಡೆ ಇಳಿಸಿ ಬಿಚ್ಚಿದೆ ನೋಡಿ, ಮುಗ್ಗಲು ವಾಸನೆಯ ಜೊತೆಗೆ ವರ್ಷಗಳ ಹಿಂದೆ ಸಾಕ್ಷಿ ಹೇಳಲು ಹೋಗುವ ಮೊದಲು ಹೆದರಿ ಮಾಡಿಕೊಂಡಿದ್ದ ಆ ಪಟ್ಟಿಯೂ ಹೊರಗೆ ಬಂತು. ಪಟ್ಟಿಯಲ್ಲಿದ್ದ ಒಂದೂ ನಡೆಯಲಿಲ್ಲ. ನಡೆದದ್ದು ಪಟ್ಟಿಯಲ್ಲಿರಲಿಲ್ಲ.

ಶೀನ ಮನೆಮನೆಗೆ ಹೋಗಿ ಸೋರುವ ಪಾತ್ರೆಗಳಿಗೆ ಬೆಸುಗೆ ಹಾಕುತ್ತಿದ್ದವನು. ಅವನು ಬೆಸುಗೆ ಹಾಕಿಹೋದ ವಾರದಲ್ಲೇ ಒಬ್ಬರ ಬಚ್ಚಲಿನ ತಾಮ್ರದ ಹಂಡೆ ಕಾಣೆಯಾಯಿತು. ಎರಡು ದಿನ ಬಿಟ್ಟು ದಫೇದಾರರು, ಅಂದರೆ ಠಾಣೆಯ ಹೆಡ್ ಕಾನ್‌ಸ್ಟೇಬಲ್, ನನ್ನ ಅಂಗಡಿಗೆ ಬಂದು, "ಒಂದು ಸಹಿ ಇತ್ತು ಮಾರಾಯ್ರೆ, ಐದೇ ನಿಮಿಷ" ಎಂದರು. ಬೇಡ ಎನ್ನುವ ಧೈರ್ಯ ನಮ್ಮ ಮನೆತನದಲ್ಲೇ ಇಲ್ಲ. ಹೋದೆ. ಠಾಣೆಯ ಜಗಲಿಯಲ್ಲಿ ಹಂಡೆ, ಮೂಲೆಯಲ್ಲಿ ಶೀನ, ಮೇಜಿನ ಮೇಲೆ ಬರೆದು ಮುಗಿದಿದ್ದ ಮಹಜರು. ಓದದೆ ಸಹಿ ಹಾಕಿದೆ. ದಿನಕ್ಕೆ ನೂರು ಕಾಗದ ಓದದೆಯೇ ಜೆರಾಕ್ಸ್ ಮಾಡುವವನಿಗೆ ಅದೇ ಅಭ್ಯಾಸ.

ಕೊನೆಗೂ ಓದಿದ್ದು, ಶೀನನ ಲಾಯರಮ್ಮ ಅದೇ ಕಾಗದವನ್ನು ನನ್ನಲ್ಲಿಗೆ ಜೆರಾಕ್ಸಿಗೆ ತಂದಾಗ. ಶೀನ ತಪ್ಪೊಪ್ಪಿಕೊಂಡು, ಶಾಲೆಯ ಹಿಂದಿನ ಲಂಟಾನದ ಮಟ್ಟಿಯ, ಅಂದರೆ ಪೊದೆಯ, ಹತ್ತಿರ ನಮ್ಮನ್ನು ಕರೆದೊಯ್ದು, ಮಹಜರಿನ ಸಾಕ್ಷಿಯಾದ ನನ್ನ ಕಣ್ಣೆದುರೇ ಹಂಡೆ ಹೊರತೆಗೆದನಂತೆ. ನನ್ನ ಕಣ್ಣಿಗೇ ಗೊತ್ತಿಲ್ಲದ ಸಂಗತಿ.

"ಪೊಲೀಸರ ಮುಂದೆ ಒಪ್ಕೊಂಡದ್ದು ಕೋರ್ಟಲ್ಲಿ ನಡೆಯೋದಿಲ್ಲ" ಎಂದರು ಲಾಯರಮ್ಮ.

"ಹಾಗಾದ್ರೆ ಶೀನ ಬಚಾವು?"

"ಎಲ್ಲಿಂದ? ಇಂಥಲ್ಲಿ ಇಟ್ಟಿದ್ದೇನೆ ಅಂತ ಅವನು ಹೇಳಿ, ಆ ಮಾತಿಂದಲೇ ಮಾಲು ಸಿಕ್ಕಿದ್ರೆ ಅಷ್ಟು ಮಾತು ನಡೀತದೆ. ಸಿಕ್ಕಿದ್ದನ್ನ ಕಂಡವರು ನೀವಂತಲ್ಲ."

ಈಗ ಹೊಸ ಕಾನೂನು ಬಂದು ಸೆಕ್ಷನ್ನಿನ ನಂಬರು ಬದಲಾಗಿದೆ, ಮಾತು ಅದೇ. ಒಟ್ಟಿನಲ್ಲಿ ಶೀನ ಜೈಲಿಗೆ ಹೋಗುವುದು, ಬಿಡುವುದು ನನ್ನ ಓದದ ಸಹಿಯ ಮೇಲೆ ನಿಂತಿತ್ತು.

ಜಾಮೀನಿನ ಮೇಲೆ ಬಂದ ಶೀನ ಅಂಗಡಿಯ ಮುಂದೆ ಸಿಕ್ಕಿದ. "ಯಾಕೆ ಒಪ್ಕೊಂಡಿ ಮಾರಾಯ?" ಎಂದೆ.

"ಒಪ್ಕೊಂಡ್ರೆ ಸಂಜೆ ಬಸ್ಸಿಗೆ ಬಿಡ್ತೇವೆ ಅಂದ್ರು. ಬಸ್ಸು ಹೋಯ್ತು, ನಾ ಉಳಿದೆ."

ಕದ್ದದ್ದು ಹೌದೋ ಎಂದು ನಾನು ಕೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ನಾನು ಆ ಮಟ್ಟಿಯ ಹತ್ತಿರ ಹೋಗಿರಲಿಲ್ಲ. ಅಷ್ಟನ್ನು ಹೇಳಿಯೇ ಬರುವುದೆಂದು ನಿಶ್ಚಯಿಸಿದೆ. "ಹೇಳುದಾದ್ರೆ ಪೂರ್ತಿ ಹೇಳಿ. ನಡುವೆ ನೀರು ಕೇಳ್ಬೇಡಿ" ಎಂದಳು ಹೆಂಡತಿ.

ಕೊಪ್ಪದ ಕೋರ್ಟಿನ ಕಟಕಟೆಯಲ್ಲಿ ನಿಂತು, "ಸಹಿ ನನ್ನದೇ. ಹಂಡೆ ನೋಡಿದ್ದು ಠಾಣೆಯ ಜಗಲಿಯಲ್ಲಿ. ಮಟ್ಟಿ ನೋಡಿಲ್ಲ" ಎಂದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಬೇಕೆಂದು ಕೋರಿದರು. ಮನೆಯಲ್ಲಿ ಆ ಅಭಿಪ್ರಾಯ ಮೊದಲಿನಿಂದಲೂ ಇದೆ. ತಿರುಗಿಸಿ ಮುರುಗಿಸಿ ಮೂರು ಸಲ ಕೇಳಿದರು. ಮೂರು ಸಲವೂ ಅದನ್ನೇ ಹೇಳಿದೆ. ನೀರು ಕೇಳಲಿಲ್ಲ. ಕೆಲವು ತಿಂಗಳಲ್ಲಿ ಶೀನ ಬಿಡುಗಡೆಯಾದ.

ಹೋದ ವಾರವೂ ಹೊಸ ಪೊಲೀಸಿನವರೊಬ್ಬರು ಆಗಲೇ ಬರೆದು ಮುಗಿಸಿದ ಮಹಜರು ಹಿಡಿದು ಬಂದರು. ಈ ಸಲ ಅಂಗಡಿಯ ಬಾಗಿಲು ಎಳೆದು, "ನಡೀರಿ, ಮೊದಲು ಜಾಗ ನೋಡುವ" ಎಂದೆ.

ಇನ್ನು, ಸಾಕ್ಷಿ ಹೇಳಿದ ಆ ದಿನ ಎಡವಟ್ಟಾದದ್ದು. ನಮ್ಮ ಕಡೆ ಕೊಡೆಗಳೆಲ್ಲ ಕಪ್ಪು. ಗುರುತಿಗೆ ಹಿಡಿಗೆ ಬಣ್ಣದ ದಾರ ಸುತ್ತುತ್ತೇವೆ. ನನ್ನದು ಕೆಂಪು. ಕೋರ್ಟಿನಿಂದ ಪಾರಾದೆನೆಂದು ಓಡಿ ಬಸ್ಸು ಹತ್ತಿ ನೋಡುತ್ತೇನೆ, ಕೈಯಲ್ಲಿದ್ದದ್ದು ಹಸಿರು. ಕೋರ್ಟಿನ ಜಗಲಿಯಲ್ಲಿ ನನ್ನದರ ಪಕ್ಕ ಒರಗಿಸಿದ್ದ ದಫೇದಾರರದ್ದು.

ಮರುದಿನ ಬೆಳಿಗ್ಗೆ ಠಾಣೆಗೆ ಹೋಗಿ, "ಸಾರ್, ಕೊಡೆ ತಗೊಂಡು ಹೋದದ್ದು ನಾನೇ. ಒಪ್ಕೊಳ್ತೇನೆ" ಎಂದೆ.

ಅವರು ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. "ನನ್ನೆದುರು ಒಪ್ಕೊಂಡದ್ದು ನಡೆಯೋದಿಲ್ಲ ಮಾರಾಯ್ರೆ. ಕೊಡೆ ಎಲ್ಲಿ, ಅದನ್ನ ತೆಗೀರಿ."

ತೆಗೆದುಕೊಟ್ಟೆ. ನನ್ನದನ್ನು ಮೊಳೆಯಿಂದ ತೆಗೆದು ಅವರು ಕೊಟ್ಟರು. ಮಹಜರು ಬರೆಯಲಿಲ್ಲ.