ಕಾಲಿನ ಡಾಕ್ಟರು
ನಮ್ಮ ಬೀದಿಯ ಆಯುರ್ವೇದದ ಡಾಕ್ಟರಿಗೆ ಜನರ ಮುಖ ನೆನಪಿರುವುದಿಲ್ಲ, ಪಾದ ಮಾತ್ರ ಮರೆಯುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ನಮಸ್ಕಾರ ಎಂದರೆ, ಬಗ್ಗಿ ಕಾಲು ನೋಡಿ, “ಓ, ನೀವಾ” ಎನ್ನುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು, ಅಂಗಾಲು ಉರಿಯುವವರು, ಚಪ್ಪಲಿ ಕಳಚಿದ್ದೂ ತಿಳಿಯದೆ ನಡೆದು ಬಂದವರು, ಎಲ್ಲರೂ ಅವರ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಅವರು ಉಗುರುಬೆಚ್ಚಗಿನ ಎಣ್ಣೆ ಹಚ್ಚಿ ನೀವುತ್ತಾ, ಮಕ್ಕಳನ್ನು ರಮಿಸುವಂತೆ ಕಾಲ್ಬೆರಳುಗಳನ್ನು ಒಂದೊಂದಾಗಿ ಮಾತಾಡಿಸುತ್ತಾರೆ. ಕಷಾಯ ಕಹಿ ಎಂದು ಯಾರಾದರೂ ಮುಖ ಸಿಂಡರಿಸಿದರೆ, “ಸಿಹಿ ತಿನ್ನೋವಾಗ ನನ್ನ ಕೇಳಿದ್ರಾ?” ಎಂದು ಬಾಯಿ ಮುಚ್ಚಿಸುತ್ತಾರೆ. ಆಸ್ಪತ್ರೆಯ ಮಾತ್ರೆ ಬಿಟ್ಟುಬಿಟ್ಟೆ ಎಂದವರಿಗಂತೂ ಎಣ್ಣೆಯ ಜೊತೆ ಬೈಗುಳವೂ ಬಿಟ್ಟಿ. ಮೊನ್ನೆ ಟೈಲರಮ್ಮ ಬಂದು, ಹೊಲಿಗೆ ಯಂತ್ರದ ಪೆಡಲು ಕಾಲಿಗೆ ತಿಳಿಯುತ್ತಲೇ ಇಲ್ಲ ಎಂದು ಅತ್ತರು. “ಪೂರ್ತಿ ವಾಸಿಯಾಗತ್ತಾ ಡಾಕ್ಟ್ರೇ?” “ಹಾಗಂದ್ರೆ ನಾನು ಸುಳ್ಳುಗಾರ ಆಗ್ತೀನಮ್ಮ. ಉಳಿದಿರೋದನ್ನ ಜೋಪಾನ ಮಾಡೋಣ,” ಎಂದ ಡಾಕ್ಟರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು: “ಇವಳೇ, ಇವತ್ತು ನನ್ನ ಕಾಲನ್ನ ಇಲ್ಲೇ ನೋಡು ಬಾ.” ಆಕೆ ಕನ್ನಡಕ ಏರಿಸಿಕೊಂಡು ನೆಲದ ಮೇಲೆ ಕೂತು, ಗಂಡನ ಪಾದವನ್ನು ಮಡಿಲಿಗೆ ಎಳೆದುಕೊಂಡು, ಬೆರಳ ಸಂದುಗಳನ್ನೆಲ್ಲ ಬಿಡಿಸಿ ನೋಡಿದರು. “ಇಲ್ಲೇನೋ ಚುಚ್ಚಿದೆಯಲ್ಲ ರೀ, ಗೊತ್ತೇ ಆಗ್ಲಿಲ್ವಾ?” “ನನ್ನ ಕಾಲಿಗೆ ಗೊತ್ತಾಗೋದು ನಿಂತು ಎಷ್ಟು ಕಾಲ ಆಯ್ತೇ,” ಎಂದು ಡಾಕ್ಟರು ನಕ್ಕರು. ಟೈಲರಮ್ಮ ಅವರನ್ನೇ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ಸೀರೆ ಸ್ವಲ್ಪ ಎತ್ತಿ, ತಮ್ಮ ಕಾಲನ್ನೂ ಮೆಲ್ಲಗೆ ಮುಂದೆ ಚಾಚಿದರು. “ಅಕ್ಕಾ, ಹಾಗೇ ನಂದೂ ಒಂಚೂರು ನೋಡಿಬಿಡಿ.”