ಕರೆಂಟ್ ಹೋದಾಗ ಕೇಳಿಸಿದ ಪಾಠ

ಹೋದ ವಾರ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ತಮ್ಮ ಮುನಿರಾಜು ರಾಕ್ಷಸನಾದ. ಮಗಳನ್ನು ಮೂರು ದಿನ ಉಪವಾಸ ಕೆಡವಿ, ಕೋಣೆಗೆ ಬೀಗ ಜಡಿದು, ಹೆಂಡತಿಯನ್ನು ಎಲ್ಲಿಗೋ ಸಾಗಿಸಿಬಿಟ್ಟವನು ಎಂದು ಇಡೀ ಬೀದಿ ತೀರ್ಮಾನ ಕೊಟ್ಟಿತು. ಹನ್ನೊಂದೂವರೆಗೆ ಅವನು ಮತ್ತೆ ಮನುಷ್ಯನಾದ.

ನಡುವಿನ ಇಪ್ಪತ್ತು ನಿಮಿಷದ ಬಗ್ಗೆ ಈಗಾಗಲೇ ದೊಡ್ಡಬಳ್ಳಾಪುರದಲ್ಲಿ ಮೂರು ಥರದ ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ಪೊಲೀಸ್ ಜೀಪೂ ಬಂದಿದೆಯಂತೆ. (ಬಂದಿಲ್ಲ.) ನಾನು ಅಲ್ಲೇ ಇದ್ದೆ. ಹೆಸರು ಸುಜಾತ, ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನಗೆ ಅಭ್ಯಾಸ. ಅಲ್ಲದೆ ತಪ್ಪು ನನ್ನದೇ. ಹಾಗಾಗಿ ನಿಧಾನವಾಗಿ, ನಡೆದ ಕ್ರಮದಲ್ಲೇ ಹೇಳುತ್ತೇನೆ.

ಮುನಿರಾಜುವಿನ ಮಗಳು ಪವಿತ್ರ. ಸೆಕೆಂಡ್ ಪಿಯುಸಿಯಲ್ಲಿ ಎಲ್ಲ ಸಬ್ಜೆಕ್ಟೂ ಪಾಸು, ಇಂಗ್ಲಿಷ್ ಒಂದು ಬಿಟ್ಟು. ನರ್ಸಿಂಗ್ ಓದಬೇಕೆಂದು ಅವಳಿಗೆ ಆರನೇ ಕ್ಲಾಸಿನಿಂದ ಹಟ. ನೆಲಮಂಗಲದ ಕಾಲೇಜೊಂದರಲ್ಲಿ ಸೀಟು ಇಟ್ಟುಕೊಂಡು ಕಾಯುತ್ತಿದ್ದಾರೆ. ಸೋಮವಾರದ ಪೂರಕ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾದರೆ ಸೀಟು, ಇಲ್ಲದಿದ್ದರೆ ಮನೆಯ ಮಗ್ಗ. ಅವಳ ಅಮ್ಮ ಗಿರಿಜ, ತಂಗಿಯ ಮಗುವಿನ ನಾಮಕರಣಕ್ಕೆಂದು ಅನುಗೊಂಡನಹಳ್ಳಿಯ ತವರಿಗೆ ಹೋಗಿದ್ದಳು. ಹೋಗುವಾಗ ಮಗಳನ್ನೂ ದೋಸೆಹಿಟ್ಟನ್ನೂ ನನಗೆ ಒಪ್ಪಿಸಿದಳು. ಹಿಟ್ಟನ್ನು ನಾನು ಚೆನ್ನಾಗಿ ನೋಡಿಕೊಂಡೆ.

ಪರೀಕ್ಷೆಗೆ ಖಂಡಿತ ಬರುತ್ತದೆ ಎಂದು ಎಲ್ಲರೂ ಹೇಳುವ ಪಾಠ ಒಂದಿದೆ. ಹಾಲೊಕಾಸ್ಟ್‌ನಿಂದ ಬದುಕಿ ಬಂದ ಹೆಂಗಸೊಬ್ಬಳ ನೆನಪುಗಳು. ನಾಝಿಗಳು ಯಹೂದಿಗಳನ್ನು ಊರೂರಿನಿಂದ ಎತ್ತಿಕೊಂಡು ಹೋಗಿ ಕೊಂದ ಕಾಲ. ಆಗ ಅವಳಿನ್ನೂ ಹನ್ನೆರಡು ವರ್ಷದ ಹುಡುಗಿ. ಪುಸ್ತಕದಲ್ಲಿ ಆರು ಪುಟ. ಆರು ಪುಟಕ್ಕೆ ಗೈಡಿನಲ್ಲಿ ಹದಿನಾಲ್ಕು ಪುಟ.

ಮೊದಲು ವೊಕ್ಯಾಬುಲರಿ. ಇಪ್ಪತ್ತೈದು ಪದ. ಅರ್ಥ ಬರೆದು, ಪ್ರತಿಯೊಂದನ್ನೂ ‘ಸ್ವಂತ ವಾಕ್ಯ’ದಲ್ಲಿ ಬಳಸಬೇಕು. ನೋಟ್‌ಬುಕ್ ತೆಗೆದು ನೋಡಿದೆ. ‘ಸ್ಟಾರ್ವೇಷನ್: ಸ್ಟಾರ್ವೇಷನ್ ಈಸ್ ನಾಟ್ ಗುಡ್ ಫಾರ್ ಹೆಲ್ತ್.’ ‘ಬ್ಯಾರಕ್: ದಿ ಬ್ಯಾರಕ್ ಈಸ್ ವೆರಿ ಬಿಗ್.’ ‘ಪ್ರಿಸನರ್: ಮೈ ಅಂಕಲ್ ಈಸ್ ನಾಟ್ ಎ ಪ್ರಿಸನರ್.’

“ಇದೆಲ್ಲ ನೀನೇ ಬರೆದಿದ್ದೇನೇ?” ಎಂದೆ.

“ಇಲ್ಲ ಅತ್ತೆ, ಸ್ವಂತ ವಾಕ್ಯ ಅಂದ್ರೆ ಮಿಸ್ ಬೋರ್ಡ್ ಮೇಲೆ ಬರೀತಾರಲ್ಲ, ಅದು.”

ಅರವತ್ತು ಮಕ್ಕಳ ಕ್ಲಾಸು. ಅರವತ್ತು ಮಕ್ಕಳದೂ ಅದೇ ಸ್ವಂತ ವಾಕ್ಯ. ಅರವತ್ತು ಜನರ ಅಂಕಲ್ಲೂ ಜೈಲಿಗೆ ಹೋಗಿಲ್ಲ. ಒಳ್ಳೆಯದೇ ಆಯಿತು, ಅನ್ನಿ.

ಆಮೇಲೆ ಕಾಂಪ್ರಿಹೆನ್ಷನ್. ಕಣ್ಣು ಮುಚ್ಚಿಕೊಂಡು ಇಪ್ಪತ್ತೆರಡು ಪ್ರಶ್ನೆಗಳ ಉತ್ತರ ಒಪ್ಪಿಸಿದಳು. ಒಂದು ಪದ ತಪ್ಪಿಲ್ಲ. ನನಗೆ ಖುಷಿಯಾಯಿತು. ಸುಮ್ಮನಿರಬೇಕಿತ್ತು. ಸುಮ್ಮನಿರದೆ ಕೇಳಿದೆ: “ಆ ಹುಡುಗಿ ಕೊನೆಗೆ ಬದುಕಿದಳಾ?”

ಪವಿತ್ರ ಗೈಡ್ ತಿರುವಿ ಹಾಕಿದಳು. ಮುಂದೆ ನೋಡಿದಳು, ಹಿಂದೆ ನೋಡಿದಳು. “ಅದು ಇಂಪಾರ್ಟೆಂಟ್ ಅಲ್ಲ ಅತ್ತೆ. ಸ್ಟಾರ್ ಹಾಕಿಲ್ಲ.”

“ಅಲ್ಲವೇ, ಬದುಕದೇ ಇದ್ದಿದ್ರೆ ಈ ಪುಸ್ತಕ ಬರೆದದ್ದು ಯಾರು?”

ಅವಳು ಬಹಳ ಹೊತ್ತು ಯೋಚನೆ ಮಾಡಿದಳು. “ಅದನ್ನ ಮಿಸ್ ಹೇಳ್ಲಿಲ್ಲ,” ಎಂದಳು.

ಹಿಂದಿನ ಪರೀಕ್ಷೆಯಲ್ಲಿ ಫೇಲಾದದ್ದು ಯಾಕೆಂದು ಆಗ ಗೊತ್ತಾಯಿತು. ಪ್ರಶ್ನೆಯನ್ನು ಗೈಡಿನಲ್ಲಿದ್ದ ಹಾಗೆಯೇ ಕೇಳಿದರೆ ಬಾಣದಂತೆ ಉತ್ತರ. ಸ್ವಲ್ಪ ತಿರುಗಿಸಿ ಕೇಳಿದರೆ ಮುಗಿಯಿತು. ಹೀಗಾಗಿ ನನ್ನ ಬುದ್ಧಿಗೆ ಹೊಳೆದ ಉಪಾಯ ಇದು: ಗೈಡ್ ಮುಚ್ಚಿಡು. ಪಾಠವನ್ನು ಒಂದೊಂದೇ ಸಾಲು ಓದು. ಓದಿದ್ದನ್ನು ನಮ್ಮ ಮನೆ ಮಾತಿನಲ್ಲಿ, ನೀನೇ ಆ ಹುಡುಗಿ ಅಂದುಕೊಂಡು, ಗಟ್ಟಿಯಾಗಿ ಹೇಳು.

ಈ ‘ಗಟ್ಟಿಯಾಗಿ’ ಎಂಬುದರಲ್ಲೇ ನಾನು ಎಡವಿದ್ದು.

ನಮ್ಮದು ಪವರ್‌ಲೂಮ್ ಬೀದಿ. ಮುನಿರಾಜುವಿನ ಮನೆಯಲ್ಲೇ ನಾಲ್ಕು ಮಗ್ಗ. ಅಕ್ಕಪಕ್ಕ, ಎದುರು, ಹಿಂದೆ, ಎಲ್ಲ ಸೇರಿ ಎಷ್ಟೋ. ಬೆಳಗಾದರೆ ಬೀದಿಯೆಲ್ಲ ಖಟಖಟ. ಇಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ಪ್ರೀತಿಯನ್ನೂ ಕೂಗಿಯೇ ಹೇಳಬೇಕು. ಮಕ್ಕಳು ಮಗ್ಗಿ ಕೂಗುತ್ತವೆ, ಅತ್ತೆಯ ಮೇಲಿನ ದೂರನ್ನು ಸೊಸೆ ಕೂಗುತ್ತಾಳೆ, ಪಕ್ಕದ ಕೋಣೆಯಲ್ಲಿರುವ ಅತ್ತೆಗೆ ಒಂದಕ್ಷರ ಕೇಳಿಸುವುದಿಲ್ಲ. ಸಂಸಾರಗಳು ಚೆನ್ನಾಗಿ ನಡೆದಿವೆ.

ಒಂದೇ ಅಪಾಯ, ಕರೆಂಟ್. ಅದು ಹೋದ ಕ್ಷಣ ಅಷ್ಟೂ ಮಗ್ಗ ಒಟ್ಟಿಗೆ ನಿಲ್ಲುತ್ತವೆ. ಆಗ ನಿಮ್ಮ ಬಾಯಲ್ಲಿ ಯಾವ ವಾಕ್ಯ ಇರುತ್ತದೋ ಅದು ಇಡೀ ಬೀದಿಯ ಆಸ್ತಿ. ಹಿಂದೊಮ್ಮೆ ಪಕ್ಕದ ಮನೆ ಗಂಗಣ್ಣ “ನಿಮ್ಮಕ್ಕ ಹಂದಿ ಥರ ಊದಿಕೊಂಡವಳೆ” ಎಂದು ಹೆಂಡತಿಗೆ ಕೂಗುತ್ತಿದ್ದಾಗ ಕರೆಂಟ್ ಹೋಗಿ, ಜಗುಲಿಯಲ್ಲೇ ಕೂತಿದ್ದ ಆ ಅಕ್ಕ ಎರಡು ವರ್ಷ ಅವರ ಮನೆಗೆ ಕಾಲಿಡಲಿಲ್ಲ. ಹಾಗಾಗಿ ಈ ಬೀದಿಯ ಮಕ್ಕಳು ನಡೆಯಲು ಕಲಿಯುವ ಮೊದಲೇ ಒಂದು ಕಲಿಯುತ್ತಾರೆ: ಮಗ್ಗ ನಿಂತಿತೋ, ಬಾಯಿ ಮುಚ್ಚು.

ಪವಿತ್ರ ಹುಟ್ಟಿ ಬೆಳೆದದ್ದೇ ಇಲ್ಲಿ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿದವಳಲ್ಲ.

ಗುರುವಾರ ಅವಳು ಕಿಟಕಿಯ ಪಕ್ಕ ನಿಂತಿದ್ದಳು. ಹುಡುಗಿಯನ್ನು ಸಾಮಾನು ಸಾಗಿಸುವ ರೈಲು ಡಬ್ಬಿಯೊಳಗೆ ತುಂಬುವ ಜಾಗಕ್ಕೆ ಬಂದಿದ್ದಳು. ಮೊದಲೆರಡು ಸಾಲು ಒಪ್ಪಿಸಿದ ಹಾಗೆ ಇತ್ತು. ಮೂರನೆಯದಕ್ಕೆ ದನಿ ಬದಲಾಯಿತು. ನಾನು ಗಮನಿಸಿದೆ. ಕರೆಂಟ್ ಹೋಯಿತು. ಬೀದಿ ಸ್ತಬ್ಧ. ಪವಿತ್ರ ನಿಲ್ಲಿಸಲಿಲ್ಲ.

“ಹೊರಗಡೆಯಿಂದ ಬೀಗ ಹಾಕ್ಬಿಟ್ಟವ್ರೆ! ಮೂರು ದಿನದಿಂದ ಅನ್ನ ಇಲ್ಲ, ನೀರಿಲ್ಲ! ನಮ್ಮಮ್ಮನ್ನ ಎಲ್ಲಿಗೆ ಕರ್ಕೊಂಡೋದ್ರೋ ಗೊತ್ತಿಲ್ಲ! ಯಾರಾದ್ರೂ ಬಾಗಿಲು ತೆಗೀರಪ್ಪಾ!”

ನಾನು ಅವಳ ಬಾಯಿ ಮುಚ್ಚಲು ಎದ್ದೆ. ನನ್ನದು ನೋವಿನ ಮಂಡಿ. ಎದ್ದು ನಿಲ್ಲುವಷ್ಟರಲ್ಲಿ ಬೀದಿಯೇ ಬಂದಿತ್ತು.

ಮುಂದೆ ಎದುರು ಮನೆ ಜಯಮ್ಮ. ಅರವತ್ತೈದು ವರ್ಷ. ಒಂದು ಕೈಯಲ್ಲಿ ಮುದ್ದೆಯ ತಟ್ಟೆ, ಇನ್ನೊಂದರಲ್ಲಿ ಸೊಪ್ಪಿನ ಸಾರಿನ ಪಾತ್ರೆ. ಎರಡು ನಿಮಿಷದಲ್ಲಿ ಅಷ್ಟನ್ನೂ ಹೇಗೆ ಜೋಡಿಸಿಕೊಂಡರೋ ದೇವರಿಗೇ ಗೊತ್ತು. ಅವರ ಹಿಂದೆ ಗಂಗಣ್ಣ, ಬೀಗ ಒಡೆಯಲು ಸುತ್ತಿಗೆ ಹಿಡಿದು. ಅವನ ಹಿಂದೆ ಏಳೆಂಟು ಹೆಂಗಸರು. (ಬಾಗಿಲು ತೆರೆದೇ ಇತ್ತು. ಆದರೂ ಗಂಗಣ್ಣ ಚಿಲಕಕ್ಕೆ ಒಂದೇಟು ಹಾಕಿದ. ತಂದ ಸುತ್ತಿಗೆ ದಂಡವಾಗಬಾರದಲ್ಲ?)

ಅದೇ ಹೊತ್ತಿಗೆ ಮುನಿರಾಜು ಮಗ್ಗದ ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದ. ಮೈಯೆಲ್ಲ ಎಣ್ಣೆ, ಕೈಯಲ್ಲಿ ಸ್ಪ್ಯಾನರ್, ಎರಡೂ ಕಿವಿಗೆ ಹತ್ತಿ. ಇದಕ್ಕಿಂತ ಅಪರಾಧಿಯಂತೆ ಕಾಣಲು ಮನುಷ್ಯನಿಗೆ ಸಾಧ್ಯವಿಲ್ಲ.

“ಲೋ ಮುನಿರಾಜ! ಹೆತ್ತ ಮಗಳನ್ನ ಉಪವಾಸ ಕೆಡವ್ತೀಯೇನೋ?” ಎಂದರು ಜಯಮ್ಮ.

ಹತ್ತಿ ಹಾಕಿಕೊಂಡಿದ್ದ ಮುನಿರಾಜು ತಲೆಯಾಡಿಸಿದ. “ಹೂಂ ಜಯಕ್ಕ, ಮಧ್ಯಾಹ್ನದವರೆಗೂ ಹಿಂಗೇ.” ಅವನು ಹೇಳಿದ್ದು ಕರೆಂಟ್ ವಿಷಯ.

“ಗಿರಿಜನ್ನ ಎಲ್ಲಿಗೆ ಕಳಿಸಿದ್ಯೋ?” ಗಂಗಣ್ಣ ಸುತ್ತಿಗೆ ಎತ್ತಿದ.

ನಾನು ಮಧ್ಯೆ ಹೋಗಿ ತಮ್ಮನ ಕಿವಿಯ ಹತ್ತಿ ಕಿತ್ತೆ. ಇದು ಪಾಠ, ಪುಸ್ತಕದ ಪಾಠ ಎಂದು ನಾಲ್ಕು ಸಲ ಹೇಳಿದೆ. ಯಾರೂ ನಂಬಲಿಲ್ಲ. ತಮ್ಮನನ್ನು ಕಾಪಾಡಲು ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಎಂದರು. ಗಿರಿಜಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಲೇಬೇಕಾಯಿತು.

“ಏ ಗಿರಿಜ, ಬದುಕಿದೀಯೇನೇ?” ಎಂದರು ಜಯಮ್ಮ.

ಆ ಕಡೆಯಿಂದ ಗಿರಿಜ ಕೇಳಿದಳು: “ಯಾಕ್ ಜಯಕ್ಕ, ಯಾರಾದ್ರೂ ಏನಾದ್ರೂ ಹೇಳಿದ್ರಾ? ಸುಜಾತಕ್ಕ ದೋಸೆಹಿಟ್ಟು ಹೊರಗಡೆ ಇಟ್ಟವ್ರಾ?”

ಹೆಂಡತಿ ಬದುಕಿರುವುದು ಸಾಬೀತಾಯಿತು. ಮಗಳ ಉಪವಾಸ ಉಳಿಯಿತು. ಪವಿತ್ರ ಬೆಳಿಗ್ಗೆ ಆರು ದೋಸೆ ತಿಂದಿದ್ದಳು, ಬಡಿಸಿದವಳು ನಾನೇ, ಸಾಕ್ಷಿ ಹೇಳಿದೆ. ಆದರೂ ಜಯಮ್ಮ ಬಿಡಲಿಲ್ಲ. “ತಂದಿದ್ದೀನಿ, ತಿನ್ನು” ಎಂದು ಕೂರಿಸಿ ಮುದ್ದೆ ಮುರಿದು ಕೊಟ್ಟರು. ಅವಳು ತಿನ್ನುವುದನ್ನು ನೋಡಿದ ಮೇಲೇ ಬೀದಿಗೆ ಸಮಾಧಾನ.

ಕರೆಂಟ್ ಬರಲು ಇನ್ನೂ ಹೊತ್ತಿತ್ತು. ಯಾರಿಗೂ ಕೆಲಸವಿಲ್ಲ. ಎಲ್ಲರೂ ಅಲ್ಲೇ ಕೂತರು.

“ಅಲ್ಲ, ಇಂಥದ್ದೆಲ್ಲ ಪಾಠದಲ್ಲಿ ಯಾಕೆ ಹಾಕ್ತಾರೆ? ಕಟ್ಟುಕಥೆನಾ?” ಎಂದರು ಜಯಮ್ಮ.

“ನಿಜವಾಗಿ ನಡೆದದ್ದು,” ಎಂದೆ.

“ಹಂಗಾದ್ರೆ ಮೊದ್ಲಿಂದ ಹೇಳು, ಪವಿ.”

ಪವಿತ್ರ ಹೇಳಿದಳು. ಈ ಸಲ ಕೂಗದೆ. ನಡುನಡುವೆ ಪ್ರಶ್ನೆಗಳು. ಡಬ್ಬಿಯಲ್ಲಿ ಎಷ್ಟು ಜನ? ಹೆಣ್ಮಕ್ಕಳು ಬಹಿರ್ದೆಸೆಗೆ ಏನು ಮಾಡಿದರು? ಬೀಗ ಹಾಕಿದವನಿಗೆ ಮಕ್ಕಳಿರಲಿಲ್ವಾ? ಹುಡುಗಿ ಒಂದು ತುಂಡು ಬ್ರೆಡ್ಡನ್ನು ಅಂಗಿಯ ತೋಳಿನೊಳಗೆ ಅಮ್ಮನಿಗೆಂದು ಬಚ್ಚಿಟ್ಟುಕೊಂಡಳು ಎಂದಾಗ ಜಯಮ್ಮ ಮುದ್ದೆಯ ಕೊನೆಯ ತುಂಡನ್ನು ಪವಿತ್ರಳ ಕೈಗಿಟ್ಟರು. ಗೈಡಿನ ಇಪ್ಪತ್ತೆರಡರಲ್ಲಿ ಇವರ ಪ್ರಶ್ನೆ ಒಂದೂ ಇರಲಿಲ್ಲ. ಪವಿತ್ರ ಪ್ರತಿಯೊಂದಕ್ಕೂ ಪುಸ್ತಕಕ್ಕೆ ಹೋಗಿ, ಬೆರಳಿಟ್ಟು ಸಾಲು ಹುಡುಕಿ, ಬಂದು ಉತ್ತರ ಹೇಳಿದಳು. ಇಲ್ಲದ್ದಕ್ಕೆ “ಬರೆದಿಲ್ಲ ಅಜ್ಜಿ” ಎಂದಳು.

ಆಮೇಲೆ ಜಯಮ್ಮ ಕೇಳಿದರು: “ಅವರನ್ನ ಮನೆಯಿಂದ ಎಳ್ಕೊಂಡು ಹೋಗ್ವಾಗ ಅವರ ಬೀದೀಲಿ ಯಾರೂ ಇರ್ಲಿಲ್ವೇನೇ?”

ಇದು ಮಾತ್ರ ಗೈಡಿನಲ್ಲಿತ್ತು. ಒಂದು ಅಂಕದ ಪ್ರಶ್ನೆ, ಸ್ಟಾರ್ ಇಲ್ಲದ್ದು. ಪವಿತ್ರಳಿಗೆ ಇಂಗ್ಲಿಷಿನಲ್ಲಿ ಬಾಯಿಪಾಠ. ಕನ್ನಡದಲ್ಲಿ ಹೇಳುವುದು ಇದೇ ಮೊದಲು.

“ಇದ್ರು ಅಜ್ಜಿ. ಕಿಟಕಿ ಮುಚ್ಕೊಂಡ್ರು.”

“ಮುಚ್ಕೊಂಡ್ರಾ?”

“ಹೂಂ.”

“ಎಲ್ಲಾರೂನಾ?”

ಪವಿತ್ರ ಪುಸ್ತಕ ನೋಡಿದಳು. “ಎಲ್ಲಾರೂ ಅಂತಾನೇ ಬರೆದವ್ರೆ.”

ಜಯಮ್ಮ ಖಾಲಿ ತಟ್ಟೆ ಎತ್ತಿಕೊಂಡರು. ಗಂಗಣ್ಣ ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಕರೆಂಟ್ ಬಂತು. ಎಲ್ಲರೂ ಎದ್ದು ಹೋದರು. ಮುನಿರಾಜುವಿನ ಕ್ಷಮೆಯನ್ನು ಯಾರೂ ಕೇಳಲಿಲ್ಲ ಎಂಬುದನ್ನು ಅವನ ಕೋರಿಕೆಯ ಮೇರೆಗೆ ಇಲ್ಲಿ ದಾಖಲಿಸುತ್ತಿದ್ದೇನೆ. ಚಿಲಕವನ್ನೂ ಗಂಗಣ್ಣ ಇನ್ನೂ ಸರಿಮಾಡಿಕೊಟ್ಟಿಲ್ಲ.

ನನಗಂತೂ ಆ ದಿನ ಜಂಬ. ಮಗ್ಗ ನಿಂತದ್ದೇ ಗೊತ್ತಾಗದಷ್ಟು ಈ ಬೀದಿಯ ಹುಡುಗಿಯೊಬ್ಬಳು ಪಾಠದೊಳಗೆ ಹೋಗಿದ್ದಾಳೆಂದರೆ ಇನ್ನೇನು ಬೇಕು? ಪಾಸಾದಂತೆಯೇ ಎಂದುಕೊಂಡೆ.

ಸೋಮವಾರ ಪರೀಕ್ಷೆ ಮುಗಿಸಿ ಬಂದಳು. ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು ಒಂದೊಂದೇ ಕೇಳಿದೆ. ಪದಗಳ ಅರ್ಥ? ಬರೆದಳಂತೆ. ಸ್ವಂತ ವಾಕ್ಯ? ಸ್ವಂತದ್ದೇ ಬರೆದಳಂತೆ. ‘ಸ್ಟಾರ್ವೇಷನ್’ಗೆ ‘ಜಯಮ್ಮ ಡಸ್ ನಾಟ್ ಅಲೌ ಸ್ಟಾರ್ವೇಷನ್ ಇನ್ ಅವರ್ ಸ್ಟ್ರೀಟ್’ ಎಂದು. ಚೆನ್ನಾಗಿದೆ ಎಂದೆ. ಬೀದಿದೀಪ ಕೆಟ್ಟಿರುವ ಬಗ್ಗೆ ನಗರಸಭೆಗೆ ಪತ್ರ, ಐದು ಅಂಕ?

“ಬರೀಲಿಲ್ಲ ಅತ್ತೆ.”

ಕೊಟ್ಟಿರುವ ಅಂಕಿಅಂಶ ನೋಡಿ ಪ್ಯಾರಾಗ್ರಾಫ್, ನಾಲ್ಕು ಅಂಕ?

“ಬರೀಲಿಲ್ಲ. ಟೈಮ್ ಆಗ್ಬಿಡ್ತು.”

“ಟೈಮೆಲ್ಲ ಎಲ್ಲಿ ಹೋಯ್ತೇ?”

ಅವಳು ಬೆರಳಿಟ್ಟು ತೋರಿಸಿದಳು. ಹನ್ನೆರಡನೇ ಪ್ರಶ್ನೆ. ಆ ಸಂಸಾರವನ್ನು ಕರೆದೊಯ್ಯುವಾಗ ಊರಿನವರು ಏನು ಮಾಡಿದರು? ಒಂದು ವಾಕ್ಯದಲ್ಲಿ ಉತ್ತರಿಸಿ. ಒಂದು ಅಂಕ.

“ಎಷ್ಟು ಬರೆದೆ?”

“ಮೂರು ಪುಟ.”

ಒಂದು ಅಂಕಕ್ಕೆ ಮೂರು ಪುಟ! ಗೈಡಿನಲ್ಲಿ ‘ದೇ ಕ್ಲೋಸ್ಡ್ ದೇರ್ ವಿಂಡೋಸ್’ ಎಂದು ನಾಲ್ಕೇ ಪದದಲ್ಲಿದೆ, ಅವಳಿಗೆ ಬಾಯಿಪಾಠ ಬೇರೆ. ಅಷ್ಟು ಬರೆದು ಮುಂದೆ ಹೋಗಿದ್ದರೆ ಆ ಪತ್ರವೂ ಮುಗಿಯುತ್ತಿತ್ತು, ಪ್ಯಾರಾಗ್ರಾಫೂ ಮುಗಿಯುತ್ತಿತ್ತು. ನಾನು ರೇಗಿದೆ. ನೆಲಮಂಗಲದ ಸೀಟಿನ ನೆನಪಿದೆಯೇನೇ ಎಂದೆ. ಅವಳ ಕಣ್ಣು ತುಂಬಿತು.

“ನಾಲ್ಕು ಪದ ಬರೆದೆ ಅತ್ತೆ. ಬರೆದು ನೋಡ್ದೆ. ಅಲ್ಲಿಗೆ ನಿಲ್ಸಿ ಮುಂದಿನ ಪ್ರಶ್ನೆಗೆ ಹೋಗೋಕೆ ಆಗ್ಲೇ ಇಲ್ಲ.”

ಆ ಮೂರು ಪುಟದಲ್ಲಿ ಏನಿದೆಯೆಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಜಯಮ್ಮನಿಗೆ ಹೇಳಿದ್ದಾಳಂತೆ. ಜಯಮ್ಮ ಅಂದಿನಿಂದ ಅವಳಿಗೆ ದಿನಾ ಒಂದು ಲೋಟ ರಾಗಿ ಮಾಲ್ಟ್ ಕಳಿಸುತ್ತಿದ್ದಾರೆ.

ಮನೆಯಲ್ಲಿ ನಾವು ಕೂಡಿ ಕಳೆದು ನೋಡಿದ್ದಾಗಿದೆ. ಮುನಿರಾಜುವಿನ ಲೆಕ್ಕದಲ್ಲಿ ಒಂದು ಅಂಕಕ್ಕೆ ಫೇಲು, ನನ್ನ ಲೆಕ್ಕದಲ್ಲಿ ಒಂದು ಅಂಕಕ್ಕೆ ಪಾಸು. ರಿಸಲ್ಟ್ ಬರಲು ಇನ್ನೂ ಎರಡು ವಾರವಿದೆ. ಆ ಉತ್ತರಪತ್ರಿಕೆ ಈಗ ಎಲ್ಲೋ ಯಾವುದೋ ಮೇಷ್ಟ್ರ ಮೇಜಿನ ಮೇಲಿದೆ. ಕಾಂಪ್ರಿಹೆನ್ಷನ್ ಪರೀಕ್ಷಿಸುವುದೇ ಅವರ ಕೆಲಸವಾದ್ದರಿಂದ ಅವರಿಗೆ ನನ್ನದೊಂದು ಪ್ರಶ್ನೆ.

ಒಂದು ವಾಕ್ಯದಲ್ಲಿ ಉತ್ತರಿಸಿ ಮೇಷ್ಟ್ರೇ: ಆ ಹುಡುಗಿಗೆ ಪಾಠ ಅರ್ಥವಾಗಿದೆಯೋ, ಇಲ್ಲವೋ?